ಕೊನೆಯ ನಾಲ್ಕು ಸ್ವರ

ಕಛೇರಿಯಲ್ಲಿ ಕಲ್ಪನಾಸ್ವರದ ಸುರಿಮಳೆಯಾಗುವಾಗ ಪಕ್ಕದಲ್ಲಿ ಕೂತವರು, ಎಲ್ಲಾ ಆ ಕ್ಷಣಕ್ಕೆ ಹೊಳೆದದ್ದು ಎಂದು ಬೆರಗಾಗುತ್ತಾರೆ. ಹೊಳೆಯುವುದೇನೋ ನಿಜ. ಆದರೆ ಪಿಟೀಲು ಕಲಿಯುವ ಮಕ್ಕಳಿಗೆ ಮೇಷ್ಟರು ಇದನ್ನು ಹೇಳಿಕೊಡುವುದು ಕೊನೆಯಿಂದ.

ಮೋಹನ ರಾಗ, ಆದಿತಾಳ, ಸಮದಲ್ಲಿ ಗಾಂಧಾರದಿಂದ ಎತ್ತುಗಡೆ ಎಂದಿಟ್ಟುಕೊಳ್ಳಿ. ಸ್ವರ ಬಂದು ನಿಲ್ಲಬೇಕಾದ್ದು ಅದರ ಕೆಳಗಿನ ರಿಷಭದಲ್ಲಿ. ತಾಳದ ಎರಡು ದ್ರುತಗಳಲ್ಲಿ ಎಂಟು ಸ್ವರ: ಗಪದಪ ಗರಿಸರಿ. ಕೂಡಲೇ ಪಲ್ಲವಿ. ಮುಂದಿನ ಸುತ್ತಿಗೆ ಸರಿಗಪ ಗರಿಸರಿ. ಆಮೇಲೆ ದಪಗಪ ಗರಿಸರಿ. ಕೊನೆಯ ನಾಲ್ಕು ಕದಲುವುದಿಲ್ಲ. ಮೊದಲ ನಾಲ್ಕು ಮಾತ್ರ ಕಲಿಯುವವರ ಪಾಲಿಗೆ. ಅಷ್ಟಕ್ಕೇ ಮಕ್ಕಳು ಬೆವರುತ್ತಾರೆ.

ಇದನ್ನೆಲ್ಲ ಪುಸ್ತಕದಲ್ಲಿ ಬರೆದು ಬಾಯಿಪಾಠ ಮಾಡಿದರೆ ಮನೋಧರ್ಮ ಎಲ್ಲಿ ಬಂತು ಎಂದು ಮೂಗು ಮುರಿಯುವವರಿದ್ದಾರೆ. ನನಗೇನೋ ಬರೆದು ನುಡಿಸುವವರಿಗಿಂತ ಬೆರಳು ಹೋದತ್ತ ಹೋಗುವವರ ಬಗ್ಗೆಯೇ ಹೆಚ್ಚು ಅನುಮಾನ. ಜಂಟಿವರಸೆ, ದಾಟುವರಸೆಗಳಲ್ಲಿ ಪಳಗಿದ ಬೆರಳು ಬಿಟ್ಟರೆ ಅದೇ ಹಾದಿ ಹಿಡಿಯುತ್ತದೆ. ರಾಗ ಯಾವುದಾದರೇನು, ಹೊರಬೀಳುವುದು ಸರಳೆಯೇ! ಮೊದಲು ಹಾಡು, ಆಮೇಲೆ ಕಮಾನು ಎತ್ತು ಎಂದು ಹಳಬರು ಗದರುವುದು ಅದಕ್ಕೇ. ಬಾಯಲ್ಲಿ ಸ್ವರದ ಹೆಸರು ಹೇಳಬೇಕಾದಾಗ ಯೋಚಿಸದೆ ಗತಿಯಿಲ್ಲ. ತೊಡೆಯ ಮೇಲೆ ತಾಳವೂ ಬೀಳುತ್ತಿರುತ್ತದೆ. ಪಿಟೀಲು ಹಿಡಿದ ಮೇಲೆ ಎರಡು ಕೈಗೂ ಕೆಲಸ, ತಾಳ ತಲೆಯೊಳಗೇ ಓಡಬೇಕು. ಹಾಡಿಕೆಯಿಂದ ಪಿಟೀಲಿಗೆ ಬರುವ ಈ ಹಾದಿ ಹೊಸದೇನಲ್ಲ: ಏಳು ತಂತಿಯ ಪಿಟೀಲಿಗೆ ಹೆಸರಾದ ಮೈಸೂರು ಟಿ. ಚೌಡಯ್ಯನವರನ್ನು ತಿದ್ದಿ ತೀಡಿದ ಗುರು ಬಿಡಾರಂ ಕೃಷ್ಣಪ್ಪನವರು ನಾಡಿಗೆ ಗೊತ್ತಿದ್ದದ್ದು ಗಾಯಕರಾಗಿ.

ನಿಜವಾದ ಪರೀಕ್ಷೆ ಪಕ್ಕವಾದ್ಯಕ್ಕೆ ಕೂತಾಗ. ಗಾಯಕರು ಧೈವತವನ್ನು ಹಿಡಿದು ಒಂದು ಸುತ್ತು ಹಾಡಿದರೆ ಉತ್ತರವೂ ಧೈವತದ ಸುತ್ತಲೇ ಇರಬೇಕು, ಹೆಚ್ಚುಕಡಿಮೆ ಅಷ್ಟೇ ಉದ್ದವಿರಬೇಕು, ಆದರೆ ಅದರ ನಕಲಾಗಬಾರದು. ಯೋಚಿಸಲು ಸಿಗುವ ಹೊತ್ತು ಅವರು ಪಲ್ಲವಿಯ ತುಣುಕು ಹಾಡಿ ಬಿಡುವಷ್ಟು. ಪುಸ್ತಕದ ಮೊದಲ ನಾಲ್ಕು ಸ್ವರ ಇಲ್ಲಿ ಕೈಕೊಡುತ್ತವೆ, ಕೊನೆಯ ನಾಲ್ಕು ಕಾಪಾಡುತ್ತವೆ.

ಹಾಡುವ ಜೊತೆ ಸಿಗದವರು ಕಛೇರಿಯ ರೆಕಾರ್ಡಿಂಗ್ ಹಾಕಿಕೊಂಡು, ಗಾಯಕರ ಸರದಿ ಮುಗಿದೊಡನೆ ನಿಲ್ಲಿಸಿ ತಮ್ಮ ಉತ್ತರ ನುಡಿಸುವುದುಂಟು. ಆಮೇಲೆ ಅಲ್ಲಿನ ಪಿಟೀಲಿನವರು ಏನು ನುಡಿಸಿದ್ದರು ಎಂದು ಕೇಳಿದರೆ ಒಂದು ಪಾಠವೇ ಆಯಿತು. ನಿಲ್ಲಿಸದೆ ಅದರ ಮೇಲೆಯೇ ನುಡಿಸುವ ಗಟ್ಟಿಗರೂ ಇದ್ದಾರೆ. ಆಗ ಮೃದಂಗದವರು ಮುಂದಿನ ಸಮಕ್ಕೆ ಬಂದು ಕೂತಿರುತ್ತಾರೆ, ನಾವಿನ್ನೂ ಧೈವತದಲ್ಲೇ.