ಚೌಕಾಬಾರದ ಮಣೆಯೂ ಗಣಕದ ಪಾಠವೂ

'ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದರೇನು?' ಎಂದು ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಆತನು ಅದರ ನಾಲ್ಕು ಲಕ್ಷಣಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾನೆ. ಅವುಗಳಿಂದ ಏನನ್ನಾದರೂ ಕಟ್ಟಿ ತೋರಿಸೆಂದರೆ ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ. ಪಠ್ಯಪುಸ್ತಕಗಳ ನಾಯಿ ಬೊಗಳುವುದೂ ಮೋಟಾರುಗಾಡಿ ಓಡುವುದೂ ಕಾಗದದ ಮೇಲೆಯೇ ಅಷ್ಟೆ. ಈ ವಿದ್ಯೆಯನ್ನು ಆಟವೊಂದನ್ನು ಕಟ್ಟಿಯೇ ಕಲಿಯತಕ್ಕದ್ದು, ಆ ಆಟವೂ ನಮ್ಮ ಜಗುಲಿಯದೇ ಆಗಿರತಕ್ಕದ್ದು ಎಂಬುದು ನಮ್ಮ ಮತ.

ಶಹಾಪುರ ತಾಲ್ಲೂಕಿನ ಗೋಗಿಯನ್ನೇ ತೆಗೆದುಕೊಳ್ಳೋಣ. ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿರುವ ಊರೆಂದು ಚರಿತ್ರೆ ಓದಿದವರೂ, ಯುರೇನಿಯಂ ಅದಿರಿನ ಊರೆಂದು ಪತ್ರಿಕೆ ಓದುವವರೂ ಅದನ್ನು ಬಲ್ಲರು. ಅಂಥ ಊರಿನ ವಿದ್ಯಾರ್ಥಿನಿಗೆ ಗಣಕಯಂತ್ರವು ವಾರಕ್ಕೊಂದು ಗಂಟೆ ದೊರೆತೀತೋ ಇಲ್ಲವೋ. ಪರಸಿಕಲ್ಲಿನ ನೆಲಕ್ಕೂ ಸೀಮೆಸುಣ್ಣದ ಚೂರಿಗೂ ಕೊರತೆಯಿರಲಾರದು. ಐದೈದು ಮನೆಗಳ ಚೌಕ ಬರೆದರೆ ಚೌಕಾಬಾರದ ಮಣೆ ಸಿದ್ಧ: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ ಮನೆ 1.

ಇಲ್ಲಿ ಬಿಡಿಸಬೇಕಾದ ಪ್ರಶ್ನೆಯು, ಯಾರಿಗೆ ಏನು ತಿಳಿದಿರಬೇಕು ಎಂಬುದು. ತಾನು ಯಾರ ಕಾಯಿ, ಎಷ್ಟು ಮನೆ ನಡೆದಿದ್ದೇನೆ ಎಂಬಷ್ಟು ತಿಳಿದಿದ್ದರೆ ಕಾಯಿಗೆ ಸಾಕು. ನಾಲ್ವರ 16 ಕಾಯಿಗಳಿಗೂ ಅಚ್ಚು ಒಂದೇ. ಆ ಅಚ್ಚೇ 'ಕ್ಲಾಸ್', ಅದರಿಂದ ಎರಕಗೊಂಡ ಒಂದೊಂದು ಕಾಯಿಯೂ 'ಆಬ್ಜೆಕ್ಟ್'. ಹೊಸಬನು ಕಡಿಯುವ ಕೆಲಸವನ್ನೂ ಕಾಯಿಗೇ ಒಪ್ಪಿಸುತ್ತಾನೆ. ಆಗ ಎದುರಾಳಿಗಳೆಲ್ಲ ಎಲ್ಲಿದ್ದಾರೆ, ಗೆರೆ ಹೊಡೆದ ಕಟ್ಟೆಮನೆ ಯಾವುದು ಎಂದು ಬಡ ಕಾಯಿಯು ಮಣೆಯನ್ನೆಲ್ಲ ತಲೆಯಲ್ಲಿ ಹೊರಬೇಕಾಗುತ್ತದೆ; ನಿಯಮವೊಂದು ಬದಲಾದರೆ ಅದರ ಒಡಲನ್ನೇ ಬಗೆಯಬೇಕಾಗುತ್ತದೆ. ತನ್ನಲ್ಲಿ ಕಡಿಯಬಹುದೇ ಎಂಬುದನ್ನು ಮನೆ ಹೇಳಲಿ, ಅಲ್ಲಿ ಯಾರಿದ್ದಾರೆಂಬುದನ್ನು ಮಣೆ ಹೇಳಲಿ, ತೀರ್ಪನ್ನು ನಿಯಮ ಕೊಡಲಿ. ಎರಡು ಸಲ ತಪ್ಪಿ ಮೂರನೆಯ ಸಲ ಈ ವಿಂಗಡಣೆಯನ್ನು ಸರಿಪಡಿಸಿದವನಿಗೆ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಕಷ್ಟವಿಲ್ಲ.

ಕವಡೆಯ ಸಂಗತಿಯೂ ಹಾಗೆಯೇ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾದವುಗಳ ಎಣಿಕೆಯೇ ಗರ. ಎಲ್ಲವೂ ಬೋರಲಾದರೆ 8. ಆಟಕ್ಕೆ ಬೇಕಾದುದು ಸಂಖ್ಯೆ ಮಾತ್ರ. ಕವಡೆ ಕಳೆದುಹೋಗಿ ತೇಯ್ದ ಹುಣಸೆಬೀಜವನ್ನು ಹಿಡಿದರೂ ಆ ಸುದ್ದಿ ಮಣೆಗೆ ಮುಟ್ಟಬೇಕಾಗಿಲ್ಲ. (ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಯೇ ಎಂದು ನೂರು ಸಲ ಎಸೆದು ನೋಡುವುದು ಬೇರೊಂದು ಪಾಠ.) ಇನ್ನು ಕೆಲವೆಡೆ, ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಮೂಲ ನಿಯಮವನ್ನು ಉಳಿಸಿಕೊಂಡು ಈ ಭೇದವನ್ನಷ್ಟೇ ಬರೆದರೆ ಅದು 'ಇನ್ಹೆರಿಟೆನ್ಸ್'.

ಈ ಪದ್ಧತಿಯ ಹುಟ್ಟೂ ಇಂಥ ಅನುಕರಣೆಯಲ್ಲಿಯೇ. ನಾರ್ವೆ ದೇಶದ ದಾಲ್ ಮತ್ತು ನ್ಯೂಗಾರ್ಡ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ರಚಿಸಿದ ಸಿಮ್ಯುಲಾ ಭಾಷೆಯ ಉದ್ದೇಶವು ಲೋಕದ ವ್ಯವಹಾರಗಳನ್ನು ಗಣಕದೊಳಗೆ ನಡೆಸಿ ನೋಡುವುದಾಗಿತ್ತು.

ಆಟ ಕಟ್ಟುತ್ತ ಕುಳಿತರೆ ಪಾಠ ಮುಗಿಯದೆಂದು ಅಧ್ಯಾಪಕರು ಆಕ್ಷೇಪಿಸಬಹುದು. ಬಣ್ಣ, ಚಿತ್ರ, ಸದ್ದುಗಳಿಗೆ ಕೈಹಾಕಿದರೆ ಅದು ನಿಜವೂ ಹೌದು. ಮೊದಲು ಅಂಕಿ ಅಕ್ಷರಗಳಲ್ಲಿಯೇ ಆಟ ನಡೆಯಲಿ. ಯಂತ್ರವಿಲ್ಲವೆಂಬ ಆಕ್ಷೇಪವನ್ನು ಮಾತ್ರ ನಾವು ಒಪ್ಪೆವು. 1989ರಲ್ಲಿಯೇ ಅಮೆರಿಕದ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ಬರಿಯ ಚೀಟಿಗಳಿಂದ ಈ ವಿಚಾರಸರಣಿಯನ್ನು ಕಲಿಸುವ ಬಗೆಯನ್ನು ಪ್ರಕಟಿಸಿದರು. ನಾಲ್ವರು ಗೆಳತಿಯರಲ್ಲಿ ಒಬ್ಬಳು ಕಾಯಿ, ಒಬ್ಬಳು ಮಣೆ, ಒಬ್ಬಳು ಕವಡೆ, ಒಬ್ಬಳು ನಿಯಮವಾಗಲಿ. ತನ್ನ ಚೀಟಿಯಲ್ಲಿ ಬರೆದುದನ್ನಷ್ಟೇ ಪ್ರತಿಯೊಬ್ಬಳೂ ಉತ್ತರಿಸಲಿ. ಯಾರ ಚೀಟಿಯಲ್ಲಿಯೂ ಉತ್ತರವಿಲ್ಲದ ಪ್ರಶ್ನೆ ಬಂದೊಡನೆ ಆಟವನ್ನು ನಿಲ್ಲಿಸಿ ಚೀಟಿಯನ್ನು ತಿದ್ದಬೇಕು. ಗಣಕಯಂತ್ರದ ಸರದಿ ಅನಂತರ.