ನಿಯಂತ್ರಕದ ನೆನಪೂ ಸವೆಯುತ್ತದೆ

ದೊಡ್ಡಬಳ್ಳಾಪುರದ ಬೀದಿಗಳಲ್ಲಿ ನಡೆದವರ ಕಿವಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ಬಹಳ ಹೊತ್ತು ಉಳಿಯುತ್ತದೆ. ಹಳೆಯ ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ಬಳ್ಳಿಯನ್ನು ನೆನಪಿಟ್ಟುಕೊಳ್ಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ. ಕಾರ್ಡು ಸವೆದರೆ ನೇಕಾರನ ಕಣ್ಣಿಗೇ ಕಾಣುತ್ತದೆ; ಬೇರೊಂದನ್ನು ಹಾಕುತ್ತಾನೆ. ಸಿಲಿಕಾನಿನ ನೆನಪಿಗೂ ಸವೆತವುಂಟೆಂದರೆ ಮಾತ್ರ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಂಬಲೊಲ್ಲರು.

ಆದರೂ ಅದು ನಿಜ. ವಿದ್ಯುತ್ತು ಹೋದರೂ ಅಂಕೆಗಳನ್ನು ಕಾಪಾಡುವ ಈಈಪ್ರಾಮ್, ಫ್ಲ್ಯಾಷ್ ಮೊದಲಾದ ಸ್ಮೃತಿಕೋಶಗಳಲ್ಲಿ ನಿರೋಧಕ ಪದರದೊಳಗೆ ಮುಚ್ಚಿಹೋದ ಪುಟ್ಟದೊಂದು ವಾಹಕದ ತುಣುಕಿರುತ್ತದೆ. 1967ರಲ್ಲಿ ಬೆಲ್ ಪ್ರಯೋಗಾಲಯದ ಕಾಂಗ್ ಮತ್ತು ಝೀ ಎಂಬಿಬ್ಬರು ಪ್ರಕಟಿಸಿದ ಉಪಾಯವಿದು. ಬರೆಯುವಾಗಲೂ ಅಳಿಸುವಾಗಲೂ ಎಲೆಕ್ಟ್ರಾನುಗಳು ಆ ತೆಳು ಪದರವನ್ನು ಹಾದೇ ಹೋಗಬೇಕು. ಕೆಲವು ದಾರಿಯಲ್ಲೇ ಸಿಕ್ಕಿಬೀಳುತ್ತವೆ. ಪದರ ಕ್ರಮೇಣ ಕೆಡುತ್ತದೆ. ಓದುವುದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಸಾಮಾನ್ಯ ಈಈಪ್ರಾಮಿಗೆ ತಯಾರಕರು ಕೊಡುವ ಭರವಸೆ 1,00,000 ಬರಹಗಳಷ್ಟು.

ಲಕ್ಷವೆಂದರೆ ದೊಡ್ಡ ಸಂಖ್ಯೆಯೆಂದು ತೋರೀತು. ರೇಷ್ಮೆಗೆ ಬಣ್ಣ ಹಾಕುವ ಘಟಕವೊಂದನ್ನು ಊಹಿಸಿಕೊಳ್ಳೋಣ. ತೊಟ್ಟಿಯ ಉಷ್ಣತೆಯನ್ನು ನೋಡಿಕೊಳ್ಳುವ ನಿಯಂತ್ರಕಕ್ಕೆ ಕಂಪ್ಯೂಟರೊಂದು ತಂತಿಯ ಮೂಲಕ ಸೆಕೆಂಡಿಗೊಮ್ಮೆ "ಇಷ್ಟು ಡಿಗ್ರಿ ಇರಲಿ" ಎಂದು ಆಜ್ಞಾಪಿಸುತ್ತಿದೆ; ನಿಯಂತ್ರಕವು ಪ್ರತಿ ಆಜ್ಞೆಯನ್ನೂ ಸ್ಥಿರ ಸ್ಮೃತಿಯಲ್ಲಿ ಬರೆದಿಡುತ್ತಿದೆ. ಲಕ್ಷ ಸೆಕೆಂಡುಗಳೆಂದರೆ 27 ಗಂಟೆ 47 ನಿಮಿಷ! ಸೋಮವಾರ ಬೆಳಗ್ಗೆ ಆರಂಭಿಸಿದರೆ ಮಂಗಳವಾರ ಮಧ್ಯಾಹ್ನಕ್ಕೆ ಭರವಸೆ ಮುಗಿಯಿತು. ಚಿಪ್ಪು ಆ ಕ್ಷಣವೇ ಸಾಯುವುದಿಲ್ಲ, ತಿಂಗಳುಗಟ್ಟಲೆ ಎಳೆದೀತು. ಕೇಡು ಹೊರಬೀಳುವುದು ಬಹುಶಃ ಕರೆಂಟು ಹೋಗಿ ಬಂದಾಗ. ನಮ್ಮ ಹಳ್ಳಿಗಳಲ್ಲಿ ಅದೇನು ಅಪರೂಪವೆ? ಸಂಜೆ ಯಂತ್ರ ಮತ್ತೆ ಎಚ್ಚತ್ತಾಗ ತಪ್ಪು ಅಂಕೆಯನ್ನು ನೆನೆದುಕೊಂಡರೆ ತೊಟ್ಟಿಯಲ್ಲಿರುವ ರೇಷ್ಮೆಯ ಬಣ್ಣ ಕೆಟ್ಟಿತು. ನಷ್ಟ ಹೊರುವವನು ಘಟಕದ ಸಣ್ಣ ಯಜಮಾನ. ಬೈಗುಳ ಮಾತ್ರ ಕರೆಂಟಿಗೆ.

ದೊಡ್ಡವರೂ ಎಡವಿದ್ದಾರೆ. ಅಮೆರಿಕದ ಟೆಸ್ಲಾ ಕಂಪನಿ 2021ರಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು; ಪರದೆಯ ಹಿಂದಿನ ಫ್ಲ್ಯಾಷ್ ಸ್ಮೃತಿ ಬರೆದು ಬರೆದು ಸವೆಯುತ್ತಿದ್ದುದೇ ಕಾರಣ.

ಇನ್ನೂ ಒಳ್ಳೆಯ ಚಿಪ್ಪನ್ನು ಕೊಂಡರಾಯಿತೆಂದು ಕೆಲವರು ಹೇಳುತ್ತಾರೆ. ಫೆರೋಎಲೆಕ್ಟ್ರಿಕ್ ಸ್ಮೃತಿ ಕೋಟಿಗಟ್ಟಲೆ ಬರಹಗಳನ್ನು ತಾಳುವುದೇನೋ ಸರಿ. ಆದರೆ ಅದು ಮೂಲ ತಪ್ಪನ್ನು ಮುಚ್ಚುವ ಉಪಾಯವೆಂದೇ ನಮ್ಮ ಮತ. ಕ್ಷಣಕ್ಷಣಕ್ಕೂ ಬದಲಾಗುವ ಅಂಕೆಗೆ ಸಾಧಾರಣ ರ‍್ಯಾಮ್ ಸಾಕು. ಅನೇಕ ನಿಯಂತ್ರಕಗಳಲ್ಲಿ ರ‍್ಯಾಮಿಗೆ ಮಾತ್ರ ಬರೆಯುವ ಪ್ರತ್ಯೇಕ ಆಜ್ಞೆಯೇ ಉಂಟು, ಕೈಪಿಡಿಯ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ! ಅದನ್ನು ಮೊದಲ ಪುಟದಲ್ಲೇ ಅಚ್ಚುಹಾಕಬೇಕು. ಹಳೆಯ ಅಂಕೆಯೇ ಮತ್ತೆ ಬಂದರೆ ಬರೆಯಬಾರದು. ಉಳಿಸಲೇಬೇಕಾದ ಎಣಿಕೆಯನ್ನು ಒಂದೇ ಮನೆಯಲ್ಲಿ ತಿದ್ದುವ ಬದಲು ನೂರು ಮನೆಗಳಲ್ಲಿ ಸರದಿಯಂತೆ ಬರೆದರೆ ಆಯುಷ್ಯ ಸುಮಾರು ನೂರ್ಮಡಿ.

ನಮ್ಮ ಪಾಲಿಟೆಕ್ನಿಕ್ಕುಗಳಲ್ಲಿ ಪ್ರೋಗ್ರಾಂ ಓಡಿತೆ ಎಂದು ನೋಡಿ ಅಂಕ ಕೊಡುತ್ತಾರೆ. ಹತ್ತು ವರ್ಷ ಓಡೀತೆ ಎಂದು ಕೇಳುವವರು ವಿರಳ. ಗಂಟೆಗೊಮ್ಮೆ ಮಾತ್ರ ಬರೆದರೆ ಅದೇ ಲಕ್ಷವು ಹನ್ನೊಂದು ವರ್ಷಕ್ಕೂ ಮಿಕ್ಕಿ ಬರುತ್ತದೆ. ಹೊಸಕೋಟೆ, ನೆಲಮಂಗಲಗಳ ಕಾರ್ಖಾನೆಗಳನ್ನು ನೋಡಹೋಗುವ ವಿದ್ಯಾರ್ಥಿಗಳು ಅಲ್ಲಿನ ಎಂಜಿನಿಯರನ್ನು ಇದೊಂದನ್ನು ಕೇಳಲಿ: ಈ ಕಂಪ್ಯೂಟರು ಆ ಪೆಟ್ಟಿಗೆಯ ಸ್ಥಿರ ಸ್ಮೃತಿಗೆ ದಿನಕ್ಕೆ ಎಷ್ಟು ಸಲ ಬರೆಯುತ್ತದೆ?