ಎಕರೆಗೆ ಎಷ್ಟು ಅನ್ನೋ ಮೊದಲು, ಯಾವ ಬ್ಯಾಟರಿ ಅಂತ ಕೇಳಿ

ನಮ್ಮ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟ್. ಸುಮಾರು 13,000 ಎಕರೆ, ರೈತರ ಹತ್ರ ಗುತ್ತಿಗೆಗೆ ತಗೊಂಡಿದ್ದು. ಮಧ್ಯಾಹ್ನ ರಾಶಿ ಕರೆಂಟು, ಹೊತ್ತು ಮುಳುಗಿದ್ರೆ ಸೊನ್ನೆ. ಅದಕ್ಕೇ ಈಗ ದೇಶದಲ್ಲೆಲ್ಲಾ ಹಗಲು ತುಂಬಿಸಿ ಸಂಜೆ ಬಿಡೋ ದೊಡ್ಡ ಬ್ಯಾಟರಿಗಳದ್ದೇ ಮಾತು. ಇವತ್ತಲ್ಲ ನಾಳೆ ಸಬ್‌ಸ್ಟೇಷನ್ ಪಕ್ಕದ ಹೊಲ ಕೇಳ್ಕೊಂಡು ಬರ್ತಾರೆ. ಬರಲಿ, ನಾನು ಬೇಡ ಅನ್ನಲ್ಲ. ಸಂಜೆ ಕರೆಂಟು ಸಿಕ್ಕಿದ್ರೆ ಕರಡಿ ಓಡಾಡೋ ರಾತ್ರೀಲಿ ಮೋಟ್ರು ಹಾಕೋಕೆ ಹೋಗೋದಾದ್ರೂ ತಪ್ಪುತ್ತೆ.

ಆದ್ರೆ ಒಂದು ವಿಷಯ ತಿಳ್ಕೊಳ್ಳಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಅನ್ನೋ ಊರಲ್ಲಿ 2025ರ ಜನವರಿಯಲ್ಲಿ ಲಿಥಿಯಂ ಬ್ಯಾಟರಿ ಕೇಂದ್ರಕ್ಕೆ ಬೆಂಕಿ ಬಿತ್ತು. ಸಾವಿರಕ್ಕೂ ಹೆಚ್ಚು ಜನರನ್ನ ಮನೆ ಬಿಡಿಸಿದ್ರು. ಅದೂ ಬೇಸಾಯದ ಸೀಮೆನೇ. ಆಮೇಲೆ ಹತ್ತಿರದ ಜೌಗು ಮಣ್ಣಲ್ಲಿ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಜಾಸ್ತಿ ಕಂಡ್ವು. ಈಗ ಹೆಚ್ಚಾಗಿ ಹಾಕ್ತಿರೋದು ಕಬ್ಬಿಣ-ಫಾಸ್ಫೇಟ್ ಇರೋ ಲಿಥಿಯಂ, ಅದು ಅಷ್ಟು ಸುಲಭವಾಗಿ ಹತ್ತಲ್ಲ, ನಿಜ. ಆದ್ರೂ ಹತ್ತೋದೇ ಇಲ್ಲ ಅಂತಲ್ಲ. ಕುಡಿಯೋ ನೀರಿಗೇ ಪರದಾಡೋ ತಾಲ್ಲೂಕಲ್ಲಿ ಆರಿಸೋಕೆ ನೀರು ಎಲ್ಲಿಂದ ತರೋಣ?

ಲಿಥಿಯಂ ಹಗುರ, ಅದಕ್ಕೇ ಫೋನಿಗೆ, ಕಾರಿಗೆ ಸರಿ. ನೆಲದ ಮೇಲೆ ಇಪ್ಪತ್ತು ವರ್ಷ ಕೂರೋ ಬ್ಯಾಟರಿ ಭಾರ ಇದ್ರೆ ಯಾರಿಗೆ ನಷ್ಟ? ಚೀನಾದ ದಾಲಿಯನ್‌ನಲ್ಲಿ 2022ರಿಂದ ವನೇಡಿಯಂ ಬ್ಯಾಟರಿ ಇದೆ, 100 ಮೆಗಾವ್ಯಾಟ್, ನಾಲ್ಕು ಗಂಟೆ ಕರೆಂಟು ಕೊಡುತ್ತೆ. ಟ್ಯಾಂಕಿನಲ್ಲಿರೋ ದ್ರಾವಣದಲ್ಲೇ ಕರೆಂಟು ಇಡೋದು. ಅದರಲ್ಲಿ ನೀರೇ ಹೆಚ್ಚು, ಅದಕ್ಕೆ ಉರಿಯಲ್ಲ. ಆದ್ರೆ ದುಬಾರಿ, ಮೇಲೆ ಆಸಿಡ್ಡು. ಟ್ರ್ಯಾಕ್ಟರ್ ಬ್ಯಾಟರಿ ಆಸಿಡ್ ಚೆಲ್ಲಿದ ಜಾಗದ ಗತಿ ನಿಮಗೇ ಗೊತ್ತಲ್ಲ, ಹಾಗಾಗಿ ಸೋರಿದ್ರೆ ಹಿಡಿಯೋಕೆ ಕಟ್ಟೆ ಬೇಕೇ ಬೇಕು. ಸೋಡಿಯಂ ಬ್ಯಾಟರಿಯೂ ಹುಬೇ ಪ್ರಾಂತ್ಯದಲ್ಲಿ 2024ರಲ್ಲಿ ಶುರುವಾಯ್ತು. ಸೋಡಿಯಂ ಅಂದ್ರೆ ಉಪ್ಪಲ್ಲಿರೋದೇ, ಲಿಥಿಯಂ ತರ ಹುಡುಕ್ಕೊಂಡು ಹೋಗ್ಬೇಕಿಲ್ಲ. ಕಬ್ಬಿಣ ತುಕ್ಕು ಹಿಡಿಸಿ, ಮತ್ತೆ ತುಕ್ಕು ಬಿಡಿಸೋ ಬ್ಯಾಟರಿನೂ ಬಂದಿದೆ. ಅದು ದಿನಗಟ್ಟಲೆ ಕರೆಂಟು ಕೊಡುತ್ತೆ, ಆದ್ರೆ ತುಂಬಿಸಿದ್ದರಲ್ಲಿ ಅರ್ಧಾನೂ ವಾಪಸ್ ಬರಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಕಡೆಗೆ ಸೋಡಿಯಮ್ಮೇ ಮೊದಲು ನೋಡ್ಬೇಕಾದ್ದು. ಬೆಂಕಿ ಭಯ ಅದಕ್ಕೂ ಪೂರ್ತಿ ಇಲ್ಲ ಅಂತಲ್ಲ.

ಯಾವ್ದೇ ತರಲಿ, ಗುತ್ತಿಗೆ ಪತ್ರದಲ್ಲಿ ಬ್ಯಾಟರಿ ಯಾವ್ದು ಅಂತ ಹೆಸರು ಬರೆಸಿ. ಬೆಂಕಿಗೆ ನೀರಿನ ತೊಟ್ಟಿ ಅವರದ್ದೇ ಖರ್ಚಲ್ಲಿ. ಅವಧಿ ಮುಗಿದ್ಮೇಲೆ ಹಳೇ ಬ್ಯಾಟರಿ ಎತ್ಕೊಂಡು ಹೋಗಿ, ಮಣ್ಣು ಪರೀಕ್ಷೆ ಮಾಡಿಸಿ ಹೊಲ ಬಿಟ್ಕೊಡ್ಬೇಕು ಅಂತಲೂ ಇರಲಿ. ಸಹಿ ಹಾಕೋ ಮೊದಲು ಈಗಲೇ ಹೊಲದ ಮಣ್ಣು ಒಂದ್ಸಲ ಪರೀಕ್ಷೆ ಮಾಡಿಸಿ, ಚೀಟಿ ಜೋಪಾನವಾಗಿ ಇಟ್ಕೊಳ್ಳಿ.